ಎಣ್ಣೆ ಎಂಜಿನ್ನಿಗೆ ಮಾತು ಕೊಟ್ಟ ದುಭಾಷಿಗಳು

ದುಭಾಷಿಗಳ ಕೋಟಿನ ಮೂರನೆಯ ಗುಂಡಿ ಯಾವಾಗಲೂ ಸಡಿಲವಾಗಿರುತ್ತಿತ್ತು. ಬೇರೆಯವರು ಮಾತಾಡುವಾಗ ಅವರು ಎಡಗೈಯ ಎರಡು ಬೆರಳುಗಳಿಂದ ಆ ಗುಂಡಿಯನ್ನು ಹಿಡಿದು, ತಲೆಯನ್ನು ಒಂದಿಷ್ಟು ಓರೆ ಮಾಡಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಮಾತು ಮುಗಿದ ಕೂಡಲೇ ಗುಂಡಿ ಬಿಟ್ಟು, ಕಣ್ಣು ತೆರೆದು, ಅದೇ ಮಾತನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತಿದ್ದರು. ದಿನಕ್ಕೆ ನೂರಾರು ಸಲ ಹೀಗೆ ಹಿಡಿದು ಬಿಟ್ಟರೆ ಯಾವ ದಾರ ತಾನೇ ತಡೆದೀತು? ಪ್ರತಿ ಭಾನುವಾರ ಅವರ ಹೆಂಡತಿ ಅದನ್ನು ಹೊಸ ದಾರದಿಂದ ಹೊಲಿಯುತ್ತಿದ್ದರು. ಶನಿವಾರದ ಹೊತ್ತಿಗೆ ಅದು ಮತ್ತೆ ನೇತಾಡುತ್ತಿತ್ತು. ತಮ್ಮ ಮನೆಯಲ್ಲಿ ಇಂಗ್ಲಿಷಿಗೆ ಆಗುವ ಖರ್ಚೆಂದರೆ ದಾರ ಒಂದೇ ಎಂದು ಆಕೆ ನಗುತ್ತಿದ್ದರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ನಂಬರು ಬರೆದ ಕಲ್ಲುಗಳೇ ಹೆಚ್ಚಾಗಿದ್ದ ಕಾಲ. ನಾಲ್ಕನೆಯ ಬ್ಲಾಕಿನಲ್ಲಿ ಬಸ್ಸಿಳಿದು ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ರಾಗಿಯ ಹೊಲ ಬರುತ್ತಿತ್ತು. ಅಲ್ಲೇ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಕಚೇರಿ. ಹೊರದೇಶಗಳಿಂದ ಬರುವ ನೆರವನ್ನು ಸುತ್ತಲಿನ ಹಳ್ಳಿಗಳಿಗೆ ಹಂಚುವುದು ಆ ಕಚೇರಿಯ ಕೆಲಸ. ನೆರವಿನ ಜೊತೆಗೆ ಒಬ್ಬ ತಜ್ಞನೂ ಬರುತ್ತಿದ್ದ. ತಜ್ಞನಿಗೆ ಕನ್ನಡ ಬಾರದು, ಹಳ್ಳಿಯವರಿಗೆ ಇಂಗ್ಲಿಷು ಬಾರದು. ನಡುವೆ ನಿಲ್ಲಲು ಈ ದುಭಾಷಿಗಳನ್ನು ನೇಮಿಸಿದ್ದರು.

ನಾನು ಅಲ್ಲಿ ಹಂಗಾಮಿ ಇನ್ವೆಸ್ಟಿಗೇಟರ್, ಎಂದರೆ ಹಳ್ಳಿಗಳ ಸಮೀಕ್ಷೆ ಮಾಡುವವಳು. ಬಸವನಗುಡಿಯ ಮನೆಯಿಂದ ಕೆಲಸಕ್ಕೆ ಹೊರಟ ಮೊದಲ ಹೆಣ್ಣು, ಅರ್ಥಶಾಸ್ತ್ರದಲ್ಲಿ ಎಂ.ಎ., ಇಡೀ ಕಚೇರಿಗೆ ಒಬ್ಬಳೇ ಹುಡುಗಿ. ಊರಿಗೊಬ್ಬಳೇ ಪದ್ಮಾವತಿ ಎನ್ನುವ ಹಾಗೆ ಮೆರೆಯುತ್ತಿದ್ದೆ. ದೇಶಗಳು ಮೆಟ್ಟಿಲು ಹತ್ತುವ ಹಾಗೆ ಹಂತ ಹಂತವಾಗಿ ಮೇಲೇರುತ್ತವೆ ಎಂದು ಓದಿಕೊಂಡು ಬಂದಿದ್ದೆ. ಮೊದಲ ಮೆಟ್ಟಿಲಿನಲ್ಲಿ ಬೆಳೆದದ್ದನ್ನೆಲ್ಲ ತಾವೇ ತಿಂದು ಮುಗಿಸುವ ಹಳೆಯ ಕಾಲದ ಜನ, ಎರಡನೆಯದರಲ್ಲಿ ಏಳಲು ಅಣಿಯಾಗುತ್ತಿರುವವರು, ಮೂರನೆಯದರಲ್ಲಿ ಪೇಟೆಗೆ ಮಾರಿ ಸ್ವಂತ ಬಲದ ಮೇಲೆ ಎದ್ದು ನಿಲ್ಲುವವರು. ನಮ್ಮ ಕಚೇರಿ ಅದನ್ನೇ ಹಳ್ಳಿಗಳಿಗೆ ಇಳಿಸಿಕೊಂಡಿತ್ತು. ನೆರವೂ ಮೆಟ್ಟಿಲಿಗೆ ತಕ್ಕಂತೆ. ಮೊದಲ ಮೆಟ್ಟಿಲಿನ ಊರಿಗೆ ಹಾಲಿನ ಪುಡಿ, ಗೋಧಿ, ಎಲ್ಲವೂ ಪೂರ್ತಿ ದಾನ. ಎರಡನೆಯದಕ್ಕೆ ಬೀಜ, ಗೊಬ್ಬರ, ತರಬೇತಿ. ಮೂರನೆಯದಕ್ಕೆ ಯಂತ್ರ, ಅದು ಸುಲಭ ಕಂತಿನ ಮೇಲೆ. ನಾಲ್ಕನೆಯ ಮೆಟ್ಟಿಲು ಹತ್ತಿದವರಿಗೆ ಕೈಕುಲುಕಿ ಒಂದು ನಮಸ್ಕಾರ. ಯಾವ ಊರು ಯಾವ ಮೆಟ್ಟಿಲಿನಲ್ಲಿದೆ ಎಂದು ಗೊತ್ತುಮಾಡಿ ಪಟ್ಟಿಯಲ್ಲಿ ಬರೆಯುವವಳು ನಾನು. ಇಪ್ಪತ್ಮೂರು ವರ್ಷದವಳ ಕೈಗೆ ಊರುಗಳ ಹಣೆಬರಹ ಕೊಟ್ಟರೆ ತಲೆ ನಿಲ್ಲುವುದುಂಟೇ?

ದುಭಾಷಿಗಳು ನನ್ನ ಪಟ್ಟಿಯನ್ನು ಒಮ್ಮೆ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಮೆಟ್ಟಿಲು ಚೆನ್ನಾಗಿ ಕಟ್ಟಿದ್ದೀರಿ. ಮನೆ ಯಾವ ಕಡೆಗಿದೆ ಅಂತ ಯಾರನ್ನಾದ್ರೂ ಕೇಳಿದ್ರಾ?" ಎಂದಿದ್ದರು. ಪುಸ್ತಕದ ಬದನೆಕಾಯಿ ಎಂದು ನನಗೆ ಹೆಸರಿಟ್ಟವರೂ ಅವರೇ. ನನಗೆ ಸಿಟ್ಟು ಬರುತ್ತಿತ್ತು. ಆದರೆ ಮಧ್ಯಾಹ್ನ ತಮ್ಮ ಡಬ್ಬಿಯ ಮೊಸರನ್ನದಲ್ಲಿ ಅರ್ಧವನ್ನು ಕೇಳದೆಯೇ ನನ್ನ ತಟ್ಟೆಗೆ ಹಾಕುವ ಮನುಷ್ಯನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಾಗುತ್ತದೆ?

ಅವರು ಅದಕ್ಕೆ ಮುಂಚೆ ಇಪ್ಪತ್ತು ವರ್ಷ ಕೋರ್ಟಿನಲ್ಲಿ ದುಭಾಷಿಯಾಗಿದ್ದವರು. ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷು ಐದೂ ನಾಲಿಗೆಯ ಮೇಲಿದ್ದವು. ಕೇಳಿದ್ದಕ್ಕಿಂತ ಹೆಚ್ಚು ಹೇಳುವುದಿಲ್ಲ, ಕಡಿಮೆಯೂ ಹೇಳುವುದಿಲ್ಲ ಎಂದು ಅಲ್ಲಿ ಪ್ರಮಾಣ ಮಾಡಿಸಿದ್ದರಂತೆ. ಆ ಪ್ರಮಾಣವನ್ನು ಅವರು ಕೋರ್ಟು ಬಿಟ್ಟ ಮೇಲೂ ಬಿಟ್ಟಿರಲಿಲ್ಲ. ಒಬ್ಬ ಆರೋಪಿ ನ್ಯಾಯಾಧೀಶರನ್ನು ತೆಲುಗಿನಲ್ಲಿ ಬಾಯಿಗೆ ಬಂದಂತೆ ಬೈದಾಗ, ಏನಂದ ಎಂದು ಕೇಳಿದ ನ್ಯಾಯಾಧೀಶರಿಗೆ ಇವರು ಪೂರ್ತಿ ಬೈಗುಳವನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಒಪ್ಪಿಸಿದ್ದರಂತೆ. ಕೊನೆಯಲ್ಲಿ 'ಮಹಾಸ್ವಾಮಿ' ಎಂದು ಸೇರಿಸಬಾರದಿತ್ತೇ ಎಂದು ವಕೀಲರು ಕೇಳಿದರೆ, ಆರೋಪಿ ಅದನ್ನು ಹೇಳಲಿಲ್ಲವಲ್ಲ ಎಂದರಂತೆ.

ಕೋರ್ಟಿನ ಇನ್ನೊಂದು ಪದ್ಧತಿಯೂ ಅವರ ಜೊತೆಗೆ ಬಂದಿತ್ತು. ಅವರು 'ಅವರು ಹೀಗಂದರು' ಎಂದು ಎಂದೂ ಹೇಳುತ್ತಿರಲಿಲ್ಲ. ಯಾರ ಮಾತಾದರೂ 'ನಾನು' ಎಂದೇ ಹೇಳುತ್ತಿದ್ದರು. "ಅವರು ಹೀಗಂದ್ರು ಅಂತ ಹೇಳೋದು ಚಾಡಿ. ದುಭಾಷಿ ಆದೋನು ನಾನು ಅಂತಲೇ ಹೇಳಬೇಕು" ಎನ್ನುವುದು ಅವರ ನಂಬಿಕೆ. ಕೋರ್ಟಿನಲ್ಲಿ ಎಲ್ಲರಿಗೂ ಆ ರೀತಿ ಗೊತ್ತಿತ್ತು. ಹಳ್ಳಿಯ ಹೊಂಗೆಯ ಮರದ ಕೆಳಗೆ ಯಾರಿಗೆ ಗೊತ್ತು? ತಜ್ಞರು ತಮ್ಮ ಬಗ್ಗೆ ಹೇಳಿಕೊಂಡಾಗ ಇವರು ತೇಪೆ ಹಾಕಿದ ಕೋಟಿನಲ್ಲಿ ನಿಂತು, "ನನಗೆ ಆರುನೂರು ಎಕರೆ ಜಮೀನಿದೆ, ನನ್ನ ಹೆಂಡತಿ ಟ್ರ್ಯಾಕ್ಟರ್ ಓಡಿಸುತ್ತಾಳೆ" ಎನ್ನುತ್ತಿದ್ದರು. ಊರಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಆ ಪದ್ಧತಿ ಒಂದು ದಿನ ಅವರ ಕುತ್ತಿಗೆಗೆ ಬರುತ್ತದೆಂದು ನಮಗೇನು ಗೊತ್ತು?

ಜರಗನಹಳ್ಳಿಯಿಂದ ಆಚೆ, ಕನಕಪುರ ರಸ್ತೆಯನ್ನು ಬಿಟ್ಟು ಒಂದೂವರೆ ಮೈಲಿ ಒಳಗೆ ಒಂದು ಸಣ್ಣ ಊರು. ಅಲ್ಲಿ ಮುನಿತಾಯಮ್ಮ ಎಂಬ ವಿಧವೆ ಒಂದೂವರೆ ಎಕರೆಯಲ್ಲಿ ಸೊಪ್ಪು, ಬದನೆ, ಮೂಲಂಗಿ ಬೆಳೆಯುತ್ತಿದ್ದಳು. ಒಂದು ಬಾವಿ, ಅದಕ್ಕೊಂದು ಕಪಿಲೆ, ಕಪಿಲೆ ಎಳೆಯಲು ಒಂದು ಜೊತೆ ಎತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿದಾಗ ಚರ್ಮದ ಚೀಲ ಮೇಲೆ ಬಂದು ನೀರು ಸುರಿಯುತ್ತಿತ್ತು. ಆಗ ನಮ್ಮಲ್ಲಿದ್ದ ತಜ್ಞರು ವಯಸ್ಸಾದ, ಒಳ್ಳೆಯ ಮನುಷ್ಯ. ಬಾವಿಯ ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಆ ಎತ್ತುಗಳನ್ನೇ ನೋಡಿದರು. ಮನಸ್ಸು ಕರಗಿತೆಂದು ಕಾಣುತ್ತದೆ, ಎದ್ದು ನಿಂತು ಏನೋ ಹೇಳಿದರು. ದುಭಾಷಿಗಳು ಗುಂಡಿ ಬಿಟ್ಟು, ಕಣ್ಣು ತೆರೆದು, ಮುನಿತಾಯಮ್ಮನಿಗೆ, "ಮುಂದಿನ ಬೇಸಿಗೆಯೊಳಗೆ ಈ ಬಾವಿಯ ನೀರೆತ್ತೋಕೆ ನಾನು ಎಣ್ಣೆ ಎಂಜಿನ್ನು ಹಾಕಿಸಿಕೊಡ್ತೀನಮ್ಮ. ಇದು ನನ್ನ ಮಾತು" ಎಂದರು. ಅವಳು ಸೆರಗು ಹೊದ್ದು ಕೈಮುಗಿದಳು. ಕೈಮುಗಿದದ್ದು ಯಾರ ಕಡೆಗೆ ಎಂದು ಆ ದಿನ ನಾನು ಗಮನಿಸಲಿಲ್ಲ.

ಅದಾದ ಹದಿನೈದು ದಿನಕ್ಕೆ ಮೆಟ್ಟಿಲು ಬರೆಯಲು ನಾನು ಅದೇ ಊರಿಗೆ ಹೋದೆ. ಕೈಯಲ್ಲಿ ಉದ್ದನೆಯ ರಿಜಿಸ್ಟರು, ಪಕ್ಕದಲ್ಲಿ ದಾರಿ ತೋರಿಸಲು ಬಂದ ಊರಿನ ಶಾನುಭೋಗರು. ತಜ್ಞರೂ ದುಭಾಷಿಗಳೂ ಜೊತೆಗಿದ್ದರು. ನಾನು ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಬರೆದುಕೊಂಡೆ. ತಜ್ಞರಿಗೆ ಅರ್ಥವಾಗಲೆಂದು ದುಭಾಷಿಗಳು ಮಾತುಮಾತನ್ನೂ ದಾಟಿಸುತ್ತಿದ್ದರು. ಪೇಟೆಗೆ ಏನು ಮಾರುತ್ತೀರಿ ಎಂದು ಕೇಳಿದೆ. ಏನೂ ಇಲ್ಲ ಕಣವ್ವ, ಮನೆ ಖರ್ಚಿಗೇ ಸಾಲದು ಎಂದರು. ಹಾಲು? ಮಕ್ಕಳಿಗೇ ಇಲ್ಲ. ಸೊಪ್ಪು? ಸಾರಿಗೆ ಆಗುತ್ತೆ. ಮುನಿತಾಯಮ್ಮನೂ ಅದನ್ನೇ ಹೇಳಿದಳು. ನಾನು ಸಂಭ್ರಮದಿಂದ 'ಮೊದಲನೆಯ ಮೆಟ್ಟಿಲು' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಪುಸ್ತಕದಲ್ಲಿ ಓದಿದ ಹಳೆಯ ಸಮಾಜ ಕಣ್ಣೆದುರಿಗೇ ಸಿಕ್ಕಿತ್ತಲ್ಲ!

ಆ ತಜ್ಞರು ಕಾಮಾಲೆಯಾಗಿ ತಮ್ಮ ದೇಶಕ್ಕೆ ವಾಪಸು ಹೋದರು. ಎಂಜಿನ್ನಿನ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಅವರ ಜಾಗಕ್ಕೆ ಬಂದವರು ಚಿಕ್ಕ ವಯಸ್ಸಿನ, ಚುರುಕಾದ, ಪಟ್ಟಿಯಲ್ಲಿರುವುದನ್ನೇ ನಂಬುವ ಮನುಷ್ಯ. ಅವರು ನನ್ನ ಪಟ್ಟಿಯನ್ನು ಬಹಳ ಮೆಚ್ಚಿದರು. ಪಟ್ಟಿ ಅಚ್ಚಾಗಿ ಮೇಲಿನ ಕಚೇರಿಗಳಿಗೆ ಹೋಯಿತು. ಮುನಿತಾಯಮ್ಮನ ಊರಿಗೆ ನಾಲ್ಕು ಪೀಪಾಯಿ ಹಾಲಿನ ಪುಡಿ ಬಂದು ಇಳಿಯಿತು. ಮನೆಗೆ ಎರಡೆರಡು ಎಮ್ಮೆ ಇದ್ದ ಊರು ಅದು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದಲ್ಲ, ಊರಿನವರು ಮರ್ಯಾದೆಯಿಂದ ಇಳಿಸಿಕೊಂಡು, ಬಂದವರಿಗೆ ಎಳನೀರು ಕೊಟ್ಟು ಕಳಿಸಿ, ಪುಡಿಯನ್ನು ಕರುಗಳಿಗೆ ಕಲಸಿ ಕುಡಿಸಿದರು. ಕಚೇರಿಯಲ್ಲಿ 'ಜನ ಸಂತೋಷದಿಂದ ಸ್ವೀಕರಿಸಿದರು' ಎಂದು ದಾಖಲಾಯಿತು. ಅದನ್ನು ದಾಖಲು ಮಾಡಿದವಳೂ ನಾನೇ.

ಮುಂದಿನ ಬೇಸಿಗೆ ಬಂತು. ಒಂದು ಭಾನುವಾರ ಬೆಳಿಗ್ಗೆ ನಾನೊಂದು ವರದಿಯನ್ನು ತಿದ್ದಿಸಿಕೊಳ್ಳಲು ದುಭಾಷಿಗಳ ಮನೆಗೆ ಹೋಗಿದ್ದೆ. ಆಗ ಮುನಿತಾಯಮ್ಮ ಗೇಟು ತೆಗೆದು ಒಳಗೆ ಬಂದಳು. ಅವಳ ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ದುಭಾಷಿಗಳ ಹೆಂಡತಿ ಕೊಟ್ಟ ನೀರನ್ನು ಕುಡಿದು, ಒಂದೊಂದಾಗಿ ಹೇಳಿದಳು. ಎಂಜಿನ್ನು ಬರುತ್ತದೆಂಬ ಮಾತಿನ ಮೇಲೆ ಅವಳು ಎತ್ತುಗಳನ್ನು ಮಾರಿದ್ದಳು. ಎಂಜಿನ್ನು ಬಂದ ಮೇಲೆ ಅವಕ್ಕೆ ಮೇವು ಯಾಕೆ ಎಂದುಕೊಂಡಿದ್ದಳು. ಈಗ ಎತ್ತೂ ಇಲ್ಲ, ಎಂಜಿನ್ನೂ ಇಲ್ಲ. ಬಿಂದಿಗೆಯಲ್ಲಿ ಸೇದಿ ಎಷ್ಟು ಪಾತಿಗೆ ಹಾಕಿಯಾಳು? ಸೊಪ್ಪು ಆಗಲೇ ಒಣಗಿತ್ತು, ಬದನೆ ಬಾಡುತ್ತಿತ್ತು. ಇನ್ನೊಂದು ತಿಂಗಳು ಹೀಗೇ ಆದರೆ ಜಮೀನನ್ನು ಭೋಗ್ಯಕ್ಕೆ ಹಾಕಬೇಕಿತ್ತು.

ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. ಮಾತು ಕೊಟ್ಟವರು ದುಭಾಷಿಗಳಲ್ಲ, ಆ ತಜ್ಞರು, ಅವರು ಈಗ ಇಲ್ಲಿಲ್ಲ ಎಂದು ವಿವರಿಸಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಆ ಬಿಳಿಯಪ್ಪ ಏನಂದ್ನೋ ನಂಗೇನ್ ಗೊತ್ತು ಸ್ವಾಮಿ? ನಂಗೆ ಕೇಳ್ಸಿದ್ದು ನಿಮ್ ಬಾಯಿಂದ. ನಾನು ಹಾಕಿಸ್ಕೊಡ್ತೀನಿ ಅಂದ್ರಿ. ನನ್ ಮಾತು ಅಂದ್ರಿ."

ದುಭಾಷಿಗಳು ಕೋರ್ಟಿನ ಪದ್ಧತಿ, ಪ್ರಮಾಣ ಎಂದೆಲ್ಲ ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಇಷ್ಟೇ: "ಹೌದಮ್ಮ. ಬಾಯಿ ನಂದೇ. ನಾನು ನೋಡ್ತೀನಿ." ಅವಳು ಎದ್ದು, ಅಷ್ಟು ಸಾಕು ಎನ್ನುವಂತೆ ಹೊರಟುಹೋದಳು.

ಅವಳು ಹೋದ ಮೇಲೆ ಆ ಊರು ಯಾವ ಮೆಟ್ಟಿಲಿನಲ್ಲಿದೆ ಎಂದು ನನ್ನನ್ನು ಕೇಳಿದರು. ಹೇಳಿದೆ. ಮೊದಲ ಮೆಟ್ಟಿಲಿಗೆ ಎಂಜಿನ್ನು ಕೊಡುವುದಿಲ್ಲ, ಪೇಟೆಗೆ ಮಾರುವ ಊರಿಗೆ ಮಾತ್ರ, ಅವರು ಏನನ್ನೂ ಮಾರುವುದಿಲ್ಲ ಎಂದು ಪುಸ್ತಕದ ಮಾತನ್ನೇ ಹೇಳಿದೆ. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಮಾರಲ್ವಾ? ಇವಳ ಹತ್ರ ನಾನು ಆರು ವರ್ಷದಿಂದ ದಿನಾ ಸೊಪ್ಪು ತಗೋತಿದ್ದೀನಲ್ಲಮ್ಮ" ಎಂದರು.

ನಾನು ದುಭಾಷಿಗಳ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು. ಅವರಿಗೆ ಗೊತ್ತಿತ್ತು. ಮುನಿತಾಯಮ್ಮ ಏನೂ ಮಾರುವುದಿಲ್ಲ ಎಂದು ಹೇಳಿದ ದಿನ ಅವರು ಅಲ್ಲೇ ನಿಂತಿದ್ದರು. ಬೆಳಿಗ್ಗೆ ಅವಳು ಮಾರಿದ ಸೊಪ್ಪಿನ ಹುಳಿ ತಿಂದೇ ಬಂದಿದ್ದರು. ಆದರೂ ಅವಳ ಮಾತನ್ನು ಹಾಗೆ ಹಾಗೇ ಇಂಗ್ಲಿಷಿಗೆ ದಾಟಿಸಿ ಸುಮ್ಮನಾಗಿದ್ದರು. ಹೆಚ್ಚು ಹೇಳಬಾರದು ಎನ್ನುವ ಪ್ರಮಾಣ. ರಿಜಿಸ್ಟರೂ ಶಾನುಭೋಗರೂ ಒಟ್ಟಿಗೆ ಬಂದರೆ ಕಂದಾಯ ಏರಿಸಲು ಬಂದರು ಎಂದು ಯಾವ ಊರಿನವರೂ ತಿಳಿಯುತ್ತಾರೆ, ಇದ್ದದ್ದನ್ನೆಲ್ಲ ಇಲ್ಲ ಎನ್ನುತ್ತಾರೆ. ಈ ಸಣ್ಣ ವಿಷಯವನ್ನು ಎಂ.ಎ.ಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನಮ್ಮ ಮನೆಯ ಬಾಗಿಲಿಗೂ ದಿನಾ ಸೊಪ್ಪು ಬರುತ್ತಿತ್ತು. ಅದು ಯಾವ ಊರಿನದು ಎಂದು ನಾನೂ ಕೇಳಿರಲಿಲ್ಲ.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಬನಶಂಕರಿ ಗುಡಿಯ ಹತ್ತಿರ ಬರಲು ಹೇಳಿದರು. ಕನಕಪುರ ರಸ್ತೆಯ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ, ರಿಜಿಸ್ಟರನ್ನು ಮುಚ್ಚಿಡಿ, ಸುಮ್ಮನೆ ಎಣಿಸಿ ಎಂದರು. ಎಣಿಸಿದೆ. ದಂಟು, ಕೀರೆ, ಮೆಂತ್ಯ, ಮೂಲಂಗಿ, ಮಡಕೆಯ ಮೊಸರು, ಹೂವು. ಹೆಂಗಸರು ಸಾಲುಸಾಲಾಗಿ ಬುಟ್ಟಿ ಹೊತ್ತು, ಓಡುವುದೂ ಅಲ್ಲ ನಡೆಯುವುದೂ ಅಲ್ಲ ಎನ್ನುವ ಹೆಜ್ಜೆಯಲ್ಲಿ ಪೇಟೆಯ ಕಡೆಗೆ ಹೋಗುತ್ತಿದ್ದರು. ಒಂದು ಗಂಟೆಯಲ್ಲಿ ನೂರು ದಾಟಿತು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಅವರಲ್ಲಿ ಹನ್ನೊಂದು ಜನ ಆ ಊರಿನವರೇ. ನನ್ನ ರಿಜಿಸ್ಟರಿನಲ್ಲಿ 'ಮಾರಾಟ ಇಲ್ಲ' ಎಂದು ಹೆಸರಿನ ಮುಂದೆ ಬರೆಸಿಕೊಂಡವರು ನನ್ನನ್ನು ಗುರುತು ಹಿಡಿದು, ಬುಟ್ಟಿಯನ್ನು ಒಂದಿಷ್ಟು ಓರೆ ಮಾಡಿ, ಮುಖ ಮರೆಸಿಕೊಂಡು ದಾಟಿಹೋದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ದುಭಾಷಿಗಳು ಮಾತ್ರ ನನಗೆ ಒಂದು ಮಾತೂ ಬೈಯಲಿಲ್ಲ. "ಅವರು ಸುಳ್ಳು ಹೇಳಿದ್ರು, ನಾನು ಸರಿಯಾಗಿ ದಾಟಿಸಿದೆ. ಇಬ್ಬರಲ್ಲಿ ನಂದೇ ದೊಡ್ಡ ತಪ್ಪು" ಎಂದರು.

ನಮ್ಮ ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ ಹೇಳಿದೆ. ಅಚ್ಚಾದ ಪಟ್ಟಿಯನ್ನು ತಿದ್ದುವುದೆಂದರೆ ಕಚೇರಿಯ ಮಾನ ಹೋದಂತೆ ಎಂದರು. ದುಭಾಷಿಗಳು ದಿನಾ ಅವರ ಮೇಜಿನ ಮುಂದೆ ಹೋಗಿ ನಿಂತರು. ಕೂರಿ ಎಂದರೆ ಕೂರುತ್ತಿರಲಿಲ್ಲ, ಹೋಗಿ ಎಂದರೆ ಹೋಗುತ್ತಿರಲಿಲ್ಲ. ಎಂಟನೆಯ ದಿನ ಸಾಹೇಬರು ಸೋತು, ಹೊಸ ತಜ್ಞರು ಖುದ್ದಾಗಿ ಊರನ್ನು ನೋಡಿ ಒಪ್ಪಿದರೆ ಮಾತ್ರ ಎಂದು ಜೀಪು ತೆಗೆಸಿ ತಾವೂ ಜೊತೆಗೆ ಹೊರಟರು. ಆ ಊರಿನಲ್ಲಿ ನನ್ನ ತಪ್ಪನ್ನು ನಾನೇ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಇಂಗ್ಲಿಷು ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ನನ್ನ ಹಂಗಾಮಿ ಕೆಲಸದ ಅವಧಿ ಮುಂದಿನ ತಿಂಗಳಿಗೆ ಮುಗಿಯುವುದಿತ್ತು. ಮುಂದುವರಿಸುವವರು ಅದೇ ಸಾಹೇಬರು.

ಬಾವಿಯ ಹತ್ತಿರ ಊರೆಲ್ಲ ಸೇರಿತ್ತು. ಶಾನುಭೋಗರೂ ಬಂದಿದ್ದರು. ತಜ್ಞರು ಮುನಿತಾಯಮ್ಮನನ್ನು, ಬೆಳೆದದ್ದನ್ನು ಪೇಟೆಗೆ ಮಾರುತ್ತೀರಾ ಎಂದು ಕೇಳಿದರು. ಅವಳು ನನ್ನ ರಿಜಿಸ್ಟರನ್ನು ನೋಡಿದಳು, ಶಾನುಭೋಗರನ್ನು ನೋಡಿದಳು, ಹಿಂದೆ ನಿಂತ ತನ್ನ ಊರನ್ನು ನೋಡಿದಳು. ತಾನು ಹೌದು ಎಂದರೆ ಎಲ್ಲರ ಮೇಲೂ ಕಂದಾಯ ಬೀಳುತ್ತದೆ ಎನ್ನುವ ಭಯ. ಪಾತಿ ಒಣಗುತ್ತಿದ್ದರೂ ಊರನ್ನು ಬಿಟ್ಟುಕೊಡಲಾರಳು. ಏನೋ ಸ್ವಾಮಿ, ಮನೆ ಖರ್ಚಿಗಾಗುತ್ತೆ ಎಂದಳು. ದುಭಾಷಿಗಳು ಅದನ್ನು ಹಾಗೆಯೇ ದಾಟಿಸಿದರು. ತಜ್ಞರು ಭುಜ ಹಾರಿಸಿ ಬರೆದುಕೊಳ್ಳತೊಡಗಿದರು.

ಆಗ ದುಭಾಷಿಗಳು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದರು: "ಇಲ್ಲೀವರೆಗೆ ಹೇಳಿದ್ದು ಅವರ ಮಾತು. ಇನ್ನು ಹೇಳೋದು ನನ್ನ ಮಾತು. ಈ ತಾಯಿ ಬೆಳೆದ ಸೊಪ್ಪನ್ನ ನಾನು ಆರು ವರ್ಷದಿಂದ ದುಡ್ಡು ಕೊಟ್ಟು ತಿಂತಿದ್ದೀನಿ. ಇವರು ಬೆಳೆದ ಬದನೆಕಾಯಿ ಶಾನುಭೋಗರ ಮನೆಯ ಹುಳಿಗೂ ಹೋಗುತ್ತೆ. ಅವರು ಇಲ್ಲ ಅನ್ನಲಿ ನೋಡೋಣ." ಆಗ ಅವರ ಕೈ ಆ ಗುಂಡಿಯ ಮೇಲಿತ್ತೋ ಇಲ್ಲವೋ ನಾನು ನೋಡಲಿಲ್ಲ. ನನ್ನ ಕಣ್ಣು ನೆಲದ ಮೇಲಿತ್ತು.

ಎಲ್ಲರೂ ಶಾನುಭೋಗರ ಕಡೆ ತಿರುಗಿದರು. ಅವರು ಒಳ್ಳೆಯವರು, ಸ್ವಲ್ಪ ಹೊಟ್ಟೆಬಾಕರು. ನಕ್ಕುಬಿಟ್ಟರು. ಕಂದಾಯ ಜಮೀನಿಗೇ ಹೊರತು ಬುಟ್ಟಿಗಲ್ಲ, ಸೊಪ್ಪಿಗೆ ಕಂದಾಯ ಹಾಕುವ ಕಾನೂನು ಇನ್ನೂ ಬಂದಿಲ್ಲ ಎಂದರು. ಅಷ್ಟು ಸಾಕಾಯಿತು. ಒಬ್ಬಳು ಮೊಸರು ಎಂದಳು, ಇನ್ನೊಬ್ಬಳು ಕನಕಾಂಬರ ಎಂದಳು, ಒಬ್ಬ ಮುದುಕ ತನ್ನ ಮೂಲಂಗಿ ಯಾವ ಯಾವ ಮಾರುಕಟ್ಟೆಗೆ ಹೋಗುತ್ತದೆಂದು ಎಣಿಸಿದ. ದುಭಾಷಿಗಳು ಉಸಿರು ತೆಗೆದುಕೊಳ್ಳಲು ಬಿಡುವಿಲ್ಲದೆ ದಾಟಿಸಿದರು. ತಜ್ಞರು ಹೊಸ ಹಾಳೆ ತಿರುಗಿಸಿದರು.

ಆಮೇಲೆ ಅವರು ಕೇಳಿಯೇ ಕೇಳಿದರು: ಹಾಗಿದ್ದರೆ ಮೊದಲ ವರದಿ ಹೇಗೆ ತಪ್ಪಾಯಿತು? ಸಾಹೇಬರು ನನ್ನನ್ನು ನೋಡಿದರು. ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ದುಭಾಷಿಗಳು ಮುಂದೆ ಬಂದು ಇಂಗ್ಲಿಷಿನಲ್ಲಿ, ತಪ್ಪು ನನ್ನದು, ಆ ದಿನ ಹಳ್ಳಿಯವರ ಮಾತನ್ನು ನಾನು ಸರಿಯಾಗಿ ದಾಟಿಸಲಿಲ್ಲ, ಈ ಹುಡುಗಿ ನಾನು ಹೇಳಿದ್ದನ್ನು ಬರೆದಳು ಎಂದರು.

ಕನ್ನಡದವಳಾದ ನನಗೆ ಕನ್ನಡವನ್ನು ಯಾರು ದಾಟಿಸಬೇಕಿತ್ತು? ಸಾಹೇಬರಿಗೆ ಅದು ಸುಳ್ಳೆಂದು ಗೊತ್ತಿತ್ತು. ಕಚೇರಿಯ ಪಟ್ಟಿಗೆ ಕಳಂಕ ಬರಲಿಲ್ಲವೆಂದು ಸುಮ್ಮನಾದರು. ಹೊರದೇಶದವರಿಗೆ ಆ ಅನುಮಾನ ಬರಲಿಲ್ಲ. ಇಪ್ಪತ್ತು ವರ್ಷ ಒಂದು ಶಬ್ದ ಹೆಚ್ಚು ಕಡಿಮೆ ಮಾಡದೆ ಬದುಕಿದ ಮನುಷ್ಯ, ನನಗೆ ತಿಳಿದ ಮಟ್ಟಿಗೆ, ಆಡಿದ ಒಂದೇ ಒಂದು ಸುಳ್ಳು ಅದು. ನಾನು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ.

ಮಳೆಗಾಲಕ್ಕೆ ಮುಂಚೆಯೇ ಎಂಜಿನ್ನು ಬಂತು. ಅಷ್ಟರಲ್ಲಿ ದುಭಾಷಿಗಳನ್ನು ಹಳ್ಳಿಯ ಕೆಲಸದಿಂದ ತೆಗೆದು ಕಾಗದ ಅನುವಾದಿಸುವ ಕೋಣೆಗೆ ಹಾಕಿದ್ದರು. ತಪ್ಪಾಗಿ ದಾಟಿಸುವ ದುಭಾಷಿಗೆ ಜೀಪಿನಲ್ಲಿ ಜಾಗವಿರಲಿಲ್ಲ. ಎಂಜಿನ್ನು ಶುರು ಮಾಡುವ ದಿನ ಅವರು ಬಸ್ಸಿನಲ್ಲಿ ಬಂದು, ಒಂದೂವರೆ ಮೈಲಿ ನಡೆದು, ಗುಂಪಿನ ಹಿಂದೆ ನಿಂತಿದ್ದರು. ಕೊಳವೆಯ ಬಾಯಿಂದ ನೀರು ಧುಮುಕಿದಾಗ ಮುನಿತಾಯಮ್ಮ ಅವರನ್ನು ಕೈಹಿಡಿದು ಮುಂದೆ ತಂದು, ನೀವು ಕೊಟ್ಟ ಎಂಜಿನ್ನು, ಮೊದಲು ನೀವೇ ಕುಡೀರಿ ಎಂದಳು. ಅವರು ಬೊಗಸೆ ಒಡ್ಡಿ ಕುಡಿದು, ನಾನು ಕೊಟ್ಟದ್ದಲ್ಲ, ನೀನೇ ಕಂತಿನ ಮೇಲೆ ಕೊಂಡದ್ದು, ಯಾರ ಮುಂದೆಯೂ ತಲೆ ಬಗ್ಗಿಸಬೇಡ ಎಂದರು. ದಾನ ಯಾವುದು, ಸಾಲ ಯಾವುದು, ಎರಡರ ಗೌರವ ಎಷ್ಟೆಷ್ಟು ಎಂದು ನನಗೆ ಚೆನ್ನಾಗಿ ಅರ್ಥವಾದದ್ದು ಆ ಬಾವಿಯ ಕಟ್ಟೆಯ ಮೇಲೆ. ಬದನೆಯ ಪಾತಿಗಳು ಹದಿನೈದು ದಿನದಲ್ಲಿ ತಲೆ ಎತ್ತಿದವು.

ನನ್ನ ಕೆಲಸ ಕಾಯಂ ಆಯಿತು. ಮೇಲೂ ಏರಿದೆ. ಆಮೇಲೆ ನಾನು ಹೋದ ಯಾವ ಊರಿನಲ್ಲೂ ಸೂರ್ಯ ಹುಟ್ಟುವುದಕ್ಕೆ ಮುಂಚೆ ದಾರಿಯಲ್ಲಿ ನಿಂತು ಬುಟ್ಟಿ ಎಣಿಸದೆ ರಿಜಿಸ್ಟರು ತೆಗೆದವಳಲ್ಲ. ನನ್ನ ಕೈಕೆಳಗಿನವರು ನನ್ನನ್ನು ಹಿಂದಿನಿಂದ ಬುಟ್ಟಿ ಮೇಡಂ ಎನ್ನುತ್ತಿದ್ದರು. ಗೊತ್ತಿದ್ದೂ ಸುಮ್ಮನಿರುತ್ತಿದ್ದೆ.

ದುಭಾಷಿಗಳು ನಿವೃತ್ತರಾದ ಎರಡು ವರ್ಷಕ್ಕೆ ಹಾಸಿಗೆ ಹಿಡಿದರು. ನೋಡಲು ಹೋದಾಗ ಕೊನೆಗೂ ಧೈರ್ಯ ಮಾಡಿ, ಆ ದಿನ ನಾನು ಮಾತಾಡಬೇಕಿತ್ತು ಎಂದೆ. ಅವರು ನಕ್ಕರು.

"ಮಾತಾಡಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ನಿಮ್ಮ ಜಾಗಕ್ಕೆ ಇನ್ನೊಂದು ಪುಸ್ತಕದ ಬದನೆಕಾಯಿ ಬರ್ತಿತ್ತು. ಅದು ಮತ್ತೆ ಮೊದಲಿಂದ ತಪ್ಪು ಮಾಡ್ತಿತ್ತು. ತಪ್ಪು ಮಾಡಿ ಕಲಿತವರನ್ನ ಕಳ್ಕೊಳ್ಳೋ ಅಷ್ಟು ಶ್ರೀಮಂತಿಕೆ ನಮ್ಮ ದೇಶಕ್ಕೆ ಇನ್ನೂ ಬಂದಿಲ್ಲಮ್ಮ."

ಕಣ್ಣು ಒರೆಸಿಕೊಂಡು, ಅವರ ಹೆಂಡತಿ ತಂದ ಕಾಫಿ ಕುಡಿದು ಬಂದೆ. ಆ ತಿಂಗಳಲ್ಲೇ ಅವರು ಹೋದರು.

ವೈಕುಂಠ ಸಮಾರಾಧನೆಯ ದಿನ ಮುನಿತಾಯಮ್ಮ ಒಂದು ಬುಟ್ಟಿ ಬದನೆಕಾಯಿ ಹೊತ್ತು ತಂದಳು. ಹಿತ್ತಿಲಲ್ಲಿ ನಾವಿಬ್ಬರೇ ಕೂತು ಹೆಚ್ಚುತ್ತಿದ್ದೆವು. ಇನ್ನು ಮುಚ್ಚಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ ಎನ್ನಿಸಿತು. ಅವತ್ತು ಎಂಜಿನ್ನು ತಡವಾದದ್ದು ದುಭಾಷಿಗಳಿಂದಲ್ಲ, ನನ್ನ ಬರಹದಿಂದ, ಅವರು ಎಲ್ಲರ ಮುಂದೆ ಅದನ್ನು ತಮ್ಮ ತಪ್ಪೆಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟರು ಎಂದೆ. ಅವಳು ಈಳಿಗೆಯಿಂದ ಕಣ್ಣೆತ್ತಲಿಲ್ಲ.

"ಗೊತ್ತಿತ್ತು ಕಣವ್ವ. ಅವ್ರು ಇಂಗ್ಲಿಷ್ನಾಗೆ ಏನೋ ಅಂದ್ರು, ನೀನು ತಲೆ ತಗ್ಗಿಸ್ದೆ. ಅದನ್ನ ತಿಳ್ಕೊಳ್ಳಾಕೆ ದುಭಾಷಿ ಬೇಕಾ? ಸುಳ್ಳು ಹೇಳಿದ್ದು ನಾನು, ಬರೆದಿದ್ದು ನೀನು. ಹೊತ್ಕೊಂಡಿದ್ದು ಅವ್ರು."

ಬುಟ್ಟಿಯಿಂದ ಇನ್ನೊಂದು ಬದನೆಕಾಯಿ ತೆಗೆದು ನನ್ನ ಕೈಗೆ ಕೊಟ್ಟಳು. ಊಟಕ್ಕೆ ಕೂರುವವರು ಬಹಳ ಜನ ಇದ್ದರು, ಇಬ್ಬರೂ ಹೆಚ್ಚುತ್ತಾ ಕೂತೆವು.